ಲಗಮವ್ವನ ಜ್ವರಕ್ಕೆ ಡೊಳ್ಳು

೧೯೮೦ರ ಬೇಸಿಗೆ. ಬೇವೂರಿನ ಲಗಮವ್ವ ಹಗಲೆಲ್ಲ ಬಿಸಿಲಲ್ಲಿ ಕೂತು ಗಂಡ ಕನಕಪ್ಪನ ಜೊತೆ ಕುರಿಯ ಉಣ್ಣೆ ಕತ್ತರಿಸಿದ್ದಳು. ಮರುದಿನ ಮೈ ಕಾದ ಹಂಚಾಯಿತು, ತಲೆ ಸಿಡಿಯತೊಡಗಿತು. ಗಂಟಲು ಒಣಗಿತೆಂದು ನೀರಿನ ಕೊಡದ ಕಡೆಗೆ ದಡಕ್ಕನೆ ಎದ್ದಳು ನೋಡಿ, ಮನೆಯೇ ಗಿರ್ರೆಂದು ತಿರುಗಿತು. ಕಂಬ ಹಿಡಿದು ಹಿಂದಕ್ಕೂ ಮುಂದಕ್ಕೂ ಓಲಾಡಿದಳು.

ಅದೇ ಹೊತ್ತಿಗೆ ಬಾಗಿಲಿಗೆ ಬಂದವನು ಗಂಡನ ಕಾಕಾ ನೀಲಪ್ಪ. ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುವವನು. ಯಾರಾದರೂ ಕಣ್ಣು ಮೇಲೆ ಮಾಡಿ ಓಲಾಡಿದರೆ ಅವನ ಪ್ರಕಾರ ಅದಕ್ಕೆ ಒಂದೇ ಅರ್ಥ.

"ಕನಕಪ್ಪಾ, ನಿನ್ನ ಹೇಂತಿ ಮೈಮ್ಯಾಲೆ ದೇವರು ಬಂದಾನಲೇ."

ಆಮೇಲೆ ತಡವಾಗಲಿಲ್ಲ. ಓಣಿಯ ಜನ ತುಂಬಿದರು. ಹಣೆಗೆ ಭಂಡಾರದ ಅರಿಶಿನ, ಮೈಗೆ ಕರಿಕಂಬಳಿ, ಕಿವಿಯ ಪಕ್ಕದಲ್ಲೇ ಡೊಳ್ಳು. ಜ್ವರದವಳ ಕಿವಿಗೆ ಡೊಳ್ಳು ಬಡಿಯುವ ಬುದ್ಧಿ ಮೊದಲು ಯಾವ ಪುಣ್ಯಾತ್ಮನಿಗೆ ಬಂತೋ, ಅವನನ್ನು ಹುಡುಕಿ ಕೇಳಬೇಕು.

"ನಾ ಲಗಮವ್ವ ಅದೇನಿ ಕಾಕಾ. ಜ್ವರ ಬಂದಾವ. ತಲಿ ನೋಯಾಕತ್ತೈತಿ."

"ದೇವರು ನಮ್ಮ ಭಕ್ತಿ ಪರೀಕ್ಷಾ ಮಾಡಾಕತ್ತಾನ" ಎಂದ ನೀಲಪ್ಪ ಇನ್ನೂ ಜೋರಾಗಿ ಬಾರಿಸಿದ. ಅವಳನ್ನು ಬರಿಗಾಲಲ್ಲಿ ಗುಡಿಗೆ ನಡೆಸಬೇಕೆಂದು ನಾಲ್ಕು ಮಂದಿ ಆಗಲೇ ಎದ್ದು ನಿಂತಿದ್ದರು. ಹೊರಗೆ ನಡುಮಧ್ಯಾಹ್ನದ ರಣಬಿಸಿಲು. ಅಲ್ಲಿತನಕ ನಡೆದರೆ ತಾನು ತಿರುಗಿ ಬರುವುದಿಲ್ಲವೆಂದು ಲಗಮವ್ವನಿಗೆ ಖಾತ್ರಿಯಾಯಿತು. 'ತಪ್ಪಾತು ನಮ್ಮಪ್ಪ, ಹೊಟ್ಟ್ಯಾಗ ಹಾಕ್ಕೋ' ಎಂದು ಮನಸ್ಸಿನಲ್ಲೇ ಬೀರಪ್ಪನಿಗೆ ಕೈಮುಗಿದು, ದೇವರೇ ಮಾತಾಡಿದಂತೆ ದನಿ ದಪ್ಪ ಮಾಡಿದಳು.

"ಡೊಳ್ಳು ನಿಲ್ಲಸ್ರಿ."

ನಿಂತಿತು. ಲಗಮವ್ವ ತಾನೇ ಬೆರಗಾದಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವಳ ಮಾತಿಗೆ ಬೆಕ್ಕು ಕೂಡ ಜಾಗ ಬಿಟ್ಟು ಎದ್ದದ್ದಿಲ್ಲ. ಊರಿಗೆ ಬರುವ ನರ್ಸಬಾಯಿ ಹೇಳಿದ್ದೆಲ್ಲ ಈಗ ಒಂದೊಂದಾಗಿ ನೆನಪಾಯಿತು.

"ಕಂಬಳಿ ತಗೀರಿ. ಕಿಡಕಿ ತಗೀರಿ. ನೀರು ಕಾಸಿ ಆರಿಸಿ ಕೊಡ್ರಿ, ಗುಟಕ ಗುಟಕ ಕುಡೀತೇನಿ. ಹಣಿಗೆ ಹಸಿ ಬಟ್ಟಿ ಹಾಕ್ರಿ. ಕನಕಪ್ಪ ತೆಳ್ಳಗ ಗಂಜಿ ಕಾಸಲಿ."

ಒಲೆಯ ಮುಂದೆ ಎಂದೂ ಕೂರದ ಕನಕಪ್ಪ ಕಣ್ಣೀರು ಒರೆಸಿಕೊಳ್ಳುತ್ತ ಹೊಗೆಯಲ್ಲಿ ಗಂಜಿ ಕಾಸಿದ. ಲಗಮವ್ವ ಒಂದು ಗುಟುಕು ಕುಡಿದು "ಉಪ್ಪು ಕಡಿಮಿ ಆಗೈತಿ" ಅಂದಳು. ಅತ್ತೆ ಹನಮವ್ವನ ಕೈಯಲ್ಲಿ ಉಪ್ಪು ಓಡಿಬಂತು.

"ಕುತ್ತಿಗಿ ಬಿಗದರ, ವಾಂತಿ ನಿಲ್ಲದಿದ್ದರ, ಮಾತು ತೊದಲಿದರ, ಹಂಗs ಬಾಗಲಕೋಟಿ ದವಾಖಾನಿಗೆ ಒಯ್ಯಬೇಕು. ಇದ್ಯಾವುದೂ ಆಗದಿದ್ರೂ, ನಾಡದು ತನಕ ಜ್ವರ ಇಳೀಲಿಲ್ಲಂದ್ರ ಬಸ್ಸು ಹತ್ತಸಬೇಕು. ಈಗ ಎಲ್ಲಾರೂ ಮನಿಗೆ ಹೋಗ್ರಿ."

"ಈ ಸಲ ದೇವರು ಭಾಳ ಬಿಚ್ಚಿ ಹೇಳಿದ" ಎಂದು ನೀಲಪ್ಪ ತಲೆದೂಗುತ್ತ ಡೊಳ್ಳು ಹೆಗಲಿಗೇರಿಸಿ ಹೋದ.

ಮರುದಿನ ಜ್ವರ ಇಳಿಯಿತು. ಈ ಸಲ ಲಗಮವ್ವ ನಿಧಾನವಾಗಿ ಎದ್ದು ಕೂತಳು, ತಲೆ ತಿರುಗಲಿಲ್ಲ. ಪಕ್ಕದಲ್ಲಿ ಅತ್ತೆ ಹನಮವ್ವ ಒಬ್ಬಳೇ ಇದ್ದಳು. ಲಗಮವ್ವನಿಗೆ ಎದೆಯೊಳಗಿನದು ತಡೆಯಲಾಗಲಿಲ್ಲ.

"ಅತ್ತಿ, ನಿನ್ನೆ ನನ್ನ ಮೈಮ್ಯಾಲೆ ದೇವರು ಬಂದಿರಲಿಲ್ರಿ."

"ಉಪ್ಪು ಕೇಳಿದಾಗs ಗೊತ್ತಾತು."

"ಮತ್ತ ಯಾಕ ಸುಮ್ಮನಿದ್ರಿ?"

ಹನಮವ್ವ ಸೊಸೆಯ ಕೆದರಿದ ಕೂದಲು ಹಿಂದೆ ಸರಿಸಿದಳು. "ನಾ ಹೊಸದಾಗಿ ಈ ಮನಿಗೆ ಸೊಸಿಯಾಗಿ ನಡಿಯಾಕ ಬಂದಾಗ ನನಗೂ ಹಿಂಗs ಜ್ವರ ಬಂದಿದ್ದುವು. ಬಿಸಿಲಾಗ ಗುಡಿ ತನಕ ನಡಿಸಿದರು. ತಲಿ ನೋಯತೈತಿ ಅನ್ನಾಕ ಬಾಯಿ ಬರಲಿಲ್ಲ ನನಗ, ಕುಣಕೋತ ಹೋದೆ. ನಿನ್ನೆ ನೀ ನಿಲ್ಲಸ್ರಿ ಅಂದಿ ನೋಡು, ನನ್ನ ತಲಿನೂ ಹಗುರಾತು."

ಲಗಮವ್ವನಿಗೆ ಅಳು ಬಂತು. ಅತ್ತೆಯ ಮುಖ ನೋಡಿದರೆ ಅಲ್ಲಿ ನಗು ಇತ್ತು, ಇವಳಿಗೂ ನಗು ಬಂತು.

"ಇನ್ನೊಂದೆರಡು ದಿನ ಮಲಕೊಂಡಿರು" ಎಂದಳು ಹನಮವ್ವ, ಗೋಡೆಗೆ ಒರಗಿ ಕಾಲು ಚಾಚುತ್ತ. "ಮಗಾ ಗಂಜಿ ಚಲೋ ಮಾಡತಾನ. ನನಗೂ ಒಂದ ಬಟ್ಟಲ ಮಾಡಾಕ ಹೇಳು."