ಜಪಾನಿ ಸ್ಟೀಕಿಗೆ ದೋಸೆ ಕಾವಲಿ

ಭಾನುವಾರ ಸಂಜೆ ಮುಂಬೈ ಹತ್ತಿರದ ದಿವಾದ ನಮ್ಮ ಮನೆಯಲ್ಲಿ ಜಪಾನಿ ಅಡುಗೆ. ನನಗೆ ಹುಚ್ಚು ಹಿಡಿದಿತ್ತೆಂದಲ್ಲ, ಮಗಳು ದಿಶಾ ಒಂದು ವಾರ ಬೆನ್ನು ಬಿದ್ದಿದ್ದಳು. ಅವಳು ಮದುವೆಯಾಗಬೇಕೆಂದಿರುವ ಹುಡುಗ ಸುಮುಖ ಮತ್ತು ಅವನ ತಾಯಿ ಜಾನಕಿ ಕೋಪರಖೈರಣೆಯಿಂದ ಮೊದಲ ಸಲ ಊಟಕ್ಕೆ ಬರುವವರಿದ್ದರು. ಮೈಸೂರು ಕಡೆಯವರು.

"ಪಪ್ಪಾ, ಅವರಿಗೆ ನಿಮ್ಮ ಕೈ ಅಡುಗೆಯೇ ಬೇಕಂತೆ," ಎಂದಿದ್ದಳು ದಿಶಾ. "ಜಪಾನಿ ಸ್ಟೀಕ್, ಕಾದ ಕಬ್ಬಿಣದ ಮೇಲೆ ಎದುರಿಗೇ ಮಾಡಿ ಬಡಿಸೋದು. ಆಪ್ ಕೇ ಲಿಯೇ ತೋ ಈಝಿ ಹೈ."

ಆ ಮಾತಿಗೆ ಉಬ್ಬಿಹೋದೆ. ಮೂವತ್ತೊಂದು ವರ್ಷ ಠಾಣೆಯ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ಬೆಂದವನಿಗೆ ಮನೆಯಲ್ಲಿ ಯಾರೂ ಹಾಗೆ ಹೇಳಿದ್ದಿಲ್ಲ. ಹೋಟೆಲಿನಲ್ಲಿ ಮೂಲೆಗೆ ಹಾಕಿದ್ದ ಹಳೆಯ ಕಾವಲಿಯನ್ನು ಲೋಕಲ್ ರೈಲಿನಲ್ಲಿ ಜನರಿಂದ ಬೈಸಿಕೊಂಡು ಹೊತ್ತು ತಂದೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತೆ. ಎಲುಬು ತೆಗೆದ ಚಿಕನ್ನನ್ನು ಅಂಗೈ ಅಗಲಕ್ಕೆ ಬಡಿದು ಸೋಯಾ ಸಾಸ್, ಶುಂಠಿ, ಬೆಳ್ಳುಳ್ಳಿಯಲ್ಲಿ ನೆನೆಸಿಟ್ಟೆ. ಹೆಂಡತಿ ಸುಂದರಿ ಕ್ಯಾರೆಟ್, ಅಣಬೆ, ಎಲೆಕೋಸು ಹೆಚ್ಚಿದಳು. ಏನೋ ಹೇಳಲು ಎರಡು ಮೂರು ಸಲ ಬಾಯಿ ತೆರೆದು ಸುಮ್ಮನಾದಳು. ಆಗಲಾದರೂ ನನಗೆ ಸಂಶಯ ಬರಬೇಕಿತ್ತು.

ಗ್ಯಾಸ್ ಒಲೆಯನ್ನು ಹಾಲ್‌ಗೆ ತಂದು, ಮೇಲೆ ಕಾವಲಿ ಇಟ್ಟು ಕಾಯಿಸುತ್ತಿದ್ದೆ. ಎದುರು ಕೂತ ಜಾನಕಿ ಕೇಳಿದರು, "ಫೈವ್ ಸ್ಟಾರ್ ಹೋಟ್ಲಲ್ಲಿ ಜಪಾನೀಸ್ ಸೆಕ್ಷನ್ ಪೂರ್ತಿ ನೀವೇ ನೋಡ್ಕೊಳ್ಳೋದಂತೆ, ಜಯಶೀಲ ಅವ್ರೇ? ದಿಶಾ ಹೇಳ್ತಾ ಇದ್ಲು."

ನಾನು ದಿಶಾಳ ಮುಖ ನೋಡಿದೆ. ಅವಳು ಸರಿಯಾಗೇ ಇದ್ದ ಪ್ಲೇಟುಗಳನ್ನು ಮತ್ತೆ ಸರಿಮಾಡುತ್ತಿದ್ದಳು. ನನ್ನ ಕೈ ಅಡುಗೆ ಬೇಕಾಗಿದ್ದದ್ದು ಅವಳ ಸುಳ್ಳಿಗೆ ಎಂದು ಆಗ ತಿಳಿಯಿತು. ಮೈಯೆಲ್ಲ ಉರಿದುಹೋಯಿತು. ಅವಳ ಕಾಲೇಜು, ಅವಳ ಲ್ಯಾಪ್‌ಟಾಪ್, ಬಾಗಿಲ ಬಳಿ ಬಿಟ್ಟಿದ್ದ ಆ ಬಿಳಿ ಶೂ, ಎಲ್ಲ ದೋಸೆಯಿಂದ ಬಂದವು. ದೋಸೆಯ ಹೆಸರು ಹೇಳಲು ಮಾತ್ರ ನಾಚಿಕೆ.

ಸಿಟ್ಟಿನಲ್ಲಿ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಕಾವಲಿಗೆ ನೀರು ಚಿಮುಕಿಸಿ ಅರ್ಧ ನೀರುಳ್ಳಿಯಿಂದ ಗಸಗಸ ಉಜ್ಜಿದೆ. ದೋಸೆ ಹುಯ್ಯುವ ಮೊದಲು ಕಾವು ಇಳಿಸಲು ಮಾಡುವ ಕೆಲಸ ಅದು. ಸ್ಟೀಕಿಗೆ ಕಾವು ಏರಿರಬೇಕು. ಚಿಕನ್ ಹಾಕಿದರೆ ಚುಂಯ್ ಎನ್ನಲೇ ಇಲ್ಲ. ನೀರು ಬಿಟ್ಟುಕೊಂಡು, ಬಿಳಿಚಿಕೊಂಡು, ಆಸ್ಪತ್ರೆ ಊಟದ ಹಾಗೆ ಬೇಯತೊಡಗಿತು.

ಜಾನಕಿ ನಕ್ಕರು. "ನಮ್ಮೂರ ಹೋಟ್ಲಲ್ಲಿ ದೋಸೆ ಹಾಕೋವ್ರೂ ಹೀಗೇ ಉಜ್ಜೋದು."

"ನಾನು ದೋಸೆ ಹಾಕುವವನೇ," ಎಂದೆ.

ದಿಶಾ ತಟ್ಟನೆ ನಕ್ಕಳು. "ಪಪ್ಪಾ ಭೀ ನಾ, ಮಜಾಕ್ ಕರ್ತೇ ಹೈಂ ಆಂಟಿ." ಸುಮುಖನೂ ನಕ್ಕ.

ಸುಳ್ಳನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನಾನು ಬಾಯಿಬಿಟ್ಟು ಹೇಳಿದ ನಿಜವನ್ನೂ ನನ್ನೆದುರೇ ತಮಾಷೆ ಮಾಡಿಬಿಟ್ಟಳಲ್ಲ, ಅದನ್ನು ನುಂಗಲಾಗಲಿಲ್ಲ. ಗ್ಯಾಸ್ ಆರಿಸಿದೆ.

"ಇವತ್ತೊಂದು ದಿನ ಸುಮ್ಮನಿರಿ ಮಾರ್ರೆ," ಎಂದು ಸುಂದರಿ ಹಿಂದಿನಿಂದ ಪಿಸುಗುಟ್ಟಿದಳು.

"ನಿಂಗೂ ಗೊತ್ತಿತ್ತಾ?" ಎಂದೆ. ಅವಳು ತಲೆ ತಗ್ಗಿಸಿದಳು.

"ದಿಶಾ, ನಾನೆಲ್ಲಿ, ಏನು ಕೆಲಸ ಮಾಡೋದು, ನೀನೇ ಹೇಳು," ಎಂದೆ. "ಇಲ್ಲ ತಮಾಷೆಯೇ ಅಂತಾದ್ರೆ, ಮದುವೆ ದಿನ ಅಪ್ಪ ಅಂತ ಬೇರೆ ಯಾರನ್ನಾದ್ರೂ ಕರ್ಕೊಂಡು ಬಂದು ನಿಲ್ಲಿಸು. ಕೋಟು ಹಾಕಿದವರು ಬೇಕಷ್ಟು ಸಿಗ್ತಾರೆ."

"ದಿಶಾ?" ಎಂದ ಸುಮುಖ. ಅವಳ ಕಣ್ಣು ತುಂಬಿತ್ತು. ನನಗೆ ಕರುಣೆ ಬರಲಿಲ್ಲ. ಬಂದಿದ್ದರೂ ತೋರಿಸುತ್ತಿರಲಿಲ್ಲ.

"ಪಪ್ಪಾ ಠಾಣೆ ಸ್ಟೇಷನ್ ಹತ್ರ ಒಂದು ಹೋಟೆಲಲ್ಲಿ ದೋಸೆ ಹಾಕ್ತಾರೆ," ಎಂದಳು, ನೆಲ ನೋಡುತ್ತ.

"ಕೇಳಿಸಲಿಲ್ಲ," ಎಂದೆ. "ಅವರ ಮುಖ ನೋಡಿ ಹೇಳು."