ಪೂಜೆ ಮುಗಿಯುವ ತನಕ

ಚಾಮರಾಜಪೇಟೆಯ ಆ ಮನೆಯ ಮುಂದಿನ ಕೋಣೆಯೇ ದಾಕ್ಷಾಯಣಮ್ಮನವರ ಲಗ್ನಪತ್ರಿಕೆ ಅಂಗಡಿ. ಬೆಳಿಗ್ಗೆ ಶಟರ್ ಎತ್ತಿ, ಕಂಪ್ಯೂಟರಿನ ಗುಂಡಿ ಒತ್ತಿ, ಒಳಗೆ ಹೋಗಿ ಲಿಂಗಪೂಜೆಗೆ ಕೂರುವುದು ಅವರ ರೂಢಿ. ಪೂಜೆ ಮುಗಿಸಿ, ಕಾಫಿ ಲೋಟ ಹಿಡಿದು ಹೊರಬರುವ ಹೊತ್ತಿಗೆ ಅದೂ ಗೊಣಗಿ, ಕೆಮ್ಮಿ, ಮೈಮುರಿದು ಕೆಲಸಕ್ಕೆ ತಯಾರಾಗಿರುತ್ತಿತ್ತು. “ನಮ್ಮಿಬ್ಬರಿಗೂ ಏಳೋಕೆ ಒಂದೇ ಹೊತ್ತು ಬೇಕು” ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದರು.

ಸೊಸೆ ಶಿವಾನಿ ಬಂದ ಮೇಲೆ ಅಂಗಡಿಗೆ ಬೇರೆ ತರಹದ ಗಿರಾಕಿಗಳು ಬರತೊಡಗಿದರು. ಅವರಿಗೆ ವಾಟ್ಸಾಪಿನಲ್ಲಿ ಕಳಿಸುವ ಪತ್ರಿಕೆ ಬೇಕು, ಅದರಲ್ಲಿ ಹೂವು ಉದುರಬೇಕು, ನಾದಸ್ವರ ಕೇಳಬೇಕು. ಹಳೇ ಆಪರೇಟಿಂಗ್ ಸಿಸ್ಟಮ್‌ಗೆ ಅದೆಲ್ಲ ಆಗದ ಮಾತು. ಹಾಗಂತ ಅದನ್ನು ತೆಗೆದುಹಾಕುವಂತೆಯೂ ಇಲ್ಲ; ಪೇಟೆಯ ಅರ್ಧ ಮನೆಗಳ ಪತ್ರಿಕೆಗಳು, ಅವುಗಳ ಹಳೇ ಕಾಲದ ಕನ್ನಡ ಫಾಂಟುಗಳ ಸಮೇತ ಅದರೊಳಗೇ ಇದ್ದವು. ಶಿವಾನಿ ಒಂದು ಭಾನುವಾರ ಕೂತು, ಅದೇ ಕಂಪ್ಯೂಟರಿನಲ್ಲಿ ಹಳೆಯದರ ಪಕ್ಕಕ್ಕೆ ಹೊಸ ಸಿಸ್ಟಮನ್ನೂ ಹಾಕಿದಳು.

“ಆನ್ ಮಾಡಿದ ತಕ್ಷಣ ಎರಡು ಹೆಸರು ಬರುತ್ತೆ ಅತ್ತೆ. ಯಾವುದು ಬೇಕೋ ಅದನ್ನ ಒತ್ತಿ, ಅಷ್ಟೆ” ಎಂದಳು. ಇನ್ನೂ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು, ದಾಕ್ಷಾಯಣಮ್ಮ ಎದ್ದು ಹೋದರು.

ಮಾರನೆಯ ದಿನ ಪೂಜೆ ಮುಗಿಸಿ ಬಂದು ನೋಡಿದರೆ ಎರಡು ಹೆಸರಿಲ್ಲ, ಆರಿಸುವ ಮಾತಿಲ್ಲ. ಹೊಸದು ತಾನಾಗಿ ಬಂದು, ಯಜಮಾನಿಯ ಹಾಗೆ ಪರದೆಯ ತುಂಬ ಕೂತಿತ್ತು. ಅದರ ಮಾರನೆಯ ದಿನವೂ ಅಷ್ಟೆ. ದಾಕ್ಷಾಯಣಮ್ಮನವರಿಗೆ ಅರ್ಥವಾಗಿಹೋಯಿತು. ತಾನು ಪೂಜೆಗೆ ಕೂತಿರುವಾಗ ಸೊಸೆ ಮೆಲ್ಲಗೆ ಬಂದು ಹೊಸದನ್ನು ಒತ್ತಿ ಹೋಗುತ್ತಾಳೆ! ಬಾಯಲ್ಲಿ ‘ಯಾವುದು ಬೇಕೋ ಅದು’ ಅನ್ನುವುದು, ಕೈಯಲ್ಲಿ ತನಗೆ ಬೇಕಾದ್ದನ್ನು ಮಾಡುವುದು.

ಕೇಳಬಹುದಿತ್ತು. ಆದರೆ ಇಷ್ಟು ವರ್ಷ ತಾನೇ ನಡೆಸಿದ ಅಂಗಡಿ. ಅದರೊಳಗೆ ಹೋಗುವ ದಾರಿ ಯಾವುದು ಎಂದು ನೆನ್ನೆ ಮೊನ್ನೆ ಬಂದವಳನ್ನು ಕೇಳುವುದೇ? ಹಳೆಯದರಲ್ಲಿ ಮಾಡಬೇಕಾದ ಕೆಲಸವನ್ನು ಪಕ್ಕಕ್ಕಿಟ್ಟು, ತುಟಿ ಬಿಗಿದು, ಹೊಸದರಲ್ಲೇ ತಡಕಾಡಿದರು. ತಡಕಾಡುತ್ತಾ ಒಂದು ದಿನ ಹೂವೂ ಉದುರಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಂದು ಸಲ ಉದುರಿಸಿದರು.

ಗಂಡ ವಿಶ್ವಾರಾಧ್ಯ ಪೇಪರಿನ ಮರೆಯಿಂದ ನೋಡಿಯೇ ಬಿಟ್ಟಿದ್ದರು.

“ಏನೇ, ಮೂರು ಹೊತ್ತೂ ಹೊಸದರಲ್ಲೇ ಇರ್ತೀಯ? ಹಳೇ ಗಂಡನ್ನೂ ಮರೆತುಬಿಟ್ಟೀಯ, ಹುಷಾರು.”

“ನಿಮ್ಮನ್ನ ಆನ್ ಮಾಡಿದ್ರೆ ಪೂಜೆಯಲ್ಲ, ಅಡುಗೆ ಮುಗಿದ್ರೂ ಏಳಲ್ವಲ್ಲ, ಏನು ಮಾಡ್ಲಿ?”

ಹೀಗೇ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ. ಅಷ್ಟರಲ್ಲಿ ತರಗುಪೇಟೆಯಲ್ಲಿ ಬೇಳೆ ಅಂಗಡಿ ಇಟ್ಟಿದ್ದ ಚಂದ್ರಶೇಖರಯ್ಯ ಬಂದರು.

“ಎರಡನೇ ಮಗಳ ಮದುವೆ ಕಣಮ್ಮ. ದೊಡ್ಡವಳ ಪತ್ರಿಕೆ ಮಾಡಿಕೊಟ್ಟಿದ್ರಲ್ಲ, ಅದೇ ತರಾನೇ ಇರ್ಲಿ. ಒಂದು ಗೆರೆ ಆಚೀಚೆ ಆದ್ರೂ ‘ಅಕ್ಕಂಗೆ ಹಂಗೆ, ನಂಗೆ ಹಿಂಗೆ’ ಅಂತ ಮನೇಲಿ ಶುರುವಾಗುತ್ತೆ. ಸಂಜೆ ಬಂದು ನೋಡ್ತೀನಿ.”

ದಾಕ್ಷಾಯಣಮ್ಮ ಆ ಪತ್ರಿಕೆಯನ್ನು ಹೊಸದರಲ್ಲೇ ತೆರೆದರು. ಹಳೇ ಫಾಂಟು ಅದರಲ್ಲಿಲ್ಲದೆ, ಗುರುಹಿರಿಯರ ಹೆಸರಿದ್ದ ಕಡೆಯೆಲ್ಲ ಕೊಕ್ಕೆ, ಚುಕ್ಕೆ, ಆಶ್ಚರ್ಯಸೂಚಕ. ಮೇಲುಗಡೆ ಶಿವನ ಹೆಸರಿದ್ದ ಜಾಗದಲ್ಲಿ ಡಾಲರ್ ಚಿಹ್ನೆ. ಇನ್ನು ಹಳೆಯದಕ್ಕೆ ಹೋಗದೆ ಗತಿಯಿಲ್ಲ, ಕೇಳದೆ ದಾರಿಯಿಲ್ಲ.

“ಶಿವಾನೀ, ಬಾ ಇಲ್ಲಿ.” ಬಂದವಳ ಮುಖ ನೋಡದೆ ಕೇಳಿದರು, “ದಿನಾ ನಾನು ಪೂಜೆಗೆ ಕೂತಾಗ ಬಂದು ಹೊಸದನ್ನ ಒತ್ತಿ ಹೋಗ್ತೀಯಲ್ಲ, ಯಾಕಮ್ಮ? ಹಳೇದು ಬೇಡ ಅಂತ ನೇರವಾಗೇ ಹೇಳಬಹುದಿತ್ತಲ್ಲ?”

“ನಾನಾ? ಅತ್ತೆ, ಅಷ್ಟು ಬೆಳಿಗ್ಗೆ ನಾನು ಎದ್ದೇ ಇರಲ್ಲ!” ಎಂದವಳು ನಾಲಿಗೆ ಕಚ್ಚಿಕೊಂಡಳು. ಅಷ್ಟು ದಿನ ‘ಆಗಲೇ ಎದ್ದು ಓದ್ತಿದ್ದೆ’ ಎನ್ನುತ್ತಿದ್ದವಳು ಅವಳೇ. ಪೇಪರಿನ ಮರೆಯಲ್ಲಿ ವಿಶ್ವಾರಾಧ್ಯರ ಭುಜ ಕುಲುಕತೊಡಗಿತು.

“ಮತ್ತೆ ಯಾರು ಒತ್ತಿದ್ದು?”

“ಯಾರೂ ಒತ್ತಬೇಕಾಗಿಲ್ಲ. ಅದು ಅರ್ಧ ನಿಮಿಷ ಕಾಯುತ್ತೆ, ಆಮೇಲೆ ತಾನೇ ಹೊಸದಕ್ಕೆ ಹೋಗುತ್ತೆ. ಅವತ್ತೇ ಹೇಳ್ತಿದ್ದೆ, ನೀವು ಹಾಲು ನೋಡೋಕೆ ಹೋದ್ರಿ.”

“ಅರ್ಧ ನಿಮಿಷಾನಾ? ಅಷ್ಟರಲ್ಲಿ ನನಗೆ ವಿಭೂತಿ ಗಟ್ಟಿನೂ ಕೈಗೆ ಸಿಗಲ್ಲ!”

“ನೀವು ಹೊಸದನ್ನೇ ಇಷ್ಟಪಟ್ಟು ಕೂರ್ತಿದೀರ ಅಂತ ನಾನು ನಮ್ಮಮ್ಮಂಗೆ ಫೋನ್ ಮಾಡಿ ಕೊಚ್ಚಿಕೊಂಡಿದೀನಿ” ಎಂದು ಶಿವಾನಿ ನಕ್ಕಳು. ಆಮೇಲೆ ದನಿ ತಗ್ಗಿಸಿ, “ಹಳೇದೇ ಮೊದಲು ಬರೋ ಹಾಗೆ ಮಾಡಿಬಿಡ್ಲಾ ಅತ್ತೆ?” ಎಂದಳು.

‘ಹೂಂ’ ಎನ್ನಲು ದಾಕ್ಷಾಯಣಮ್ಮ ಬಾಯಿ ತೆರೆದರು. ಆದರೆ ಬೇಕಿದ್ದದ್ದು ಅದಲ್ಲ. ಹೊಸದರ ಮೇಲೆ ಅವರಿಗೆ ಅಂಥ ಕೋಪವೇನೂ ಇರಲಿಲ್ಲ, ಆ ಹೂವಿನ ಆಣೆಗೂ ಇರಲಿಲ್ಲ. ತಾನು ಒಳಗಿದ್ದಾಗ ಹೊರಗೆ ಎಲ್ಲ ತೀರ್ಮಾನವಾಗಿ ಹೋಗಿರುತ್ತದಲ್ಲ, ಅದು ಚುಚ್ಚಿತ್ತು. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲೂ ಹಾಗೇ ಚುಚ್ಚುತ್ತಿತ್ತು.

“ಯಾವುದೂ ತಾನಾಗೇ ಬರೋದು ಬೇಡ” ಎಂದರು. “ನಾನು ಬಂದು ಹೇಳೋ ತನಕ ಕಾಯ್ಲಿ. ಆಗುತ್ತಾ?”

“ಓ, ಆಗುತ್ತೆ. ಎಷ್ಟು ಹೊತ್ತು ಬೇಕಾದ್ರೂ ಕಾಯುತ್ತೆ.”

ಸಂಜೆ ಚಂದ್ರಶೇಖರಯ್ಯ ಬಂದು, ಅಕ್ಕನ ಪತ್ರಿಕೆಗೂ ತಂಗಿಯದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲವೆಂದು ಒಪ್ಪಿ ಹೋದರು.

ಮಾರನೆಯ ದಿನ ಪೂಜೆ ಮುಗಿಸಿ ಬಂದಾಗ ಪರದೆಯ ಮೇಲೆ ಎರಡೂ ಹೆಸರು ಒಂದರ ಕೆಳಗೊಂದು ಸುಮ್ಮನೆ ನಿಂತಿದ್ದವು. ನೋಡಲೆಂದೇ ಬೇಗ ಎದ್ದಿದ್ದ ಶಿವಾನಿ, ಕೆದರಿದ ಕೂದಲಲ್ಲೇ ಬಾಗಿಲಿಗೆ ಒರಗಿ ಆಕಳಿಸುತ್ತಿದ್ದಳು.

“ಯಾವುದನ್ನ ಒತ್ತುತ್ತೀರ ಅತ್ತೆ?”

ದಾಕ್ಷಾಯಣಮ್ಮ ಕುರ್ಚಿ ಎಳೆದು ಕೂತು ಕಾಫಿ ಲೋಟ ತುಟಿಗಿಟ್ಟರು.

“ಇರು, ಕಾಫಿ ಮುಗೀಲಿ. ಕಾಯುತ್ತೆ ಅಂದ್ಯಲ್ಲ, ಕಾಯ್ಲಿ.”