ಆನೆ, ಕತ್ತೆ ಮತ್ತು ತೊಟ್ಟು ಮುರಿದ ಕಾಯಿ

ಅಮೆರಿಕದಲ್ಲಿ ಚುನಾವಣೆ ಬಂದರೆ ಬ್ಯಾಡಗಿಯಲ್ಲಿ ದುಡಿಯುವ ಹುಲಿಗೇಶನಿಗೆ ಯಾಕೆ ಮೈಯುರಿಯಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಉರಿಯುತ್ತದೆ, ಏನೀಗ? ಹುಲಿಗೇಶ ಅಂದರೆ ನಾನೇ. ಎಂಟನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಬಂದವನು. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುತ್ತೇನೆ. ಮುಂಜಾನೆ ಐದಕ್ಕೆ ಎದ್ದು ಮೊಬೈಲಿನಲ್ಲಿ ಅಮೆರಿಕದ ಸುದ್ದಿ ನೋಡುತ್ತೇನೆ. ಇಂಗ್ಲಿಷ್ ಬರುವುದಿಲ್ಲ. ಕೆಳಗೆ ಮೊಬೈಲೇ ಒಡಕು ಬಡಕು ಕನ್ನಡ ಹಾಕುತ್ತದೆ, ಅಷ್ಟು ಸಾಕು. ಸಿಟ್ಟು ಬರಲು ಪೂರ್ತಿ ವಾಕ್ಯ ಬೇಕಾಗಿಲ್ಲ.

ಅಲ್ಲಿ ಎರಡು ಪಕ್ಷ. ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ನಾನು ಆನೆಯ ಕಡೆ. ಸರ್ಕಾರ ಅಂದರೆ ಮನೆಗೆ ಬಂದ ಬೀಗರಿದ್ದ ಹಾಗೆ, ಮೂರು ದಿನಕ್ಕಿಂತ ಹೆಚ್ಚು ಒಳಗೆ ಇರಬಾರದು ಅನ್ನುವುದು ನನ್ನ ಮತ. ಮನೆಗೆ ಬಾಗಿಲು ಇದ್ದ ಹಾಗೆ ದೇಶಕ್ಕೂ ಬಾಗಿಲು ಬೇಕು. ದುಡಿದವನ ರಟ್ಟೆಗೆ ತೆರಿಗೆಯ ಹಗ್ಗ ಬಿಗಿಯಬಾರದು. ಇದನ್ನೆಲ್ಲ ದಿನಾ ಮುಂಜಾನೆ ಫಕ್ರುದ್ದೀನ ಚಾಚಾನ ಚಹದಂಗಡಿಯ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಮೇಲೆ ಸುದ್ದಿ, ಕೆಳಗೆ ನನ್ನ ಬೈಗುಳ.

ಆ ಹಲಗೆ ನನಗೆ ಏನಾಗಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಶಾಲೆಯಲ್ಲಿ ಮಾಸ್ತರು ನನ್ನ ಪಾಟಿಯನ್ನು ಎತ್ತಿ ಹಿಡಿದು, "ಇರುವಿ ಮಸಿ ಕುಡಿದು ಹೊಳ್ಳಾಡ್ಯಾವ ನೋಡ್ರಿ" ಎಂದು ಇಡೀ ವರ್ಗವನ್ನು ನಗಿಸಿದ್ದರು. ಅಲ್ಲಿಂದ ಈಚೆಗೆ ನಾನು ಬರೆದದ್ದನ್ನು ಯಾರಾದರೂ ನಿಂತು ಓದಿದ್ದು ಈ ಚಹದಂಗಡಿಯಲ್ಲೇ. ದಲಾಲರು ಓದುತ್ತಿದ್ದರು, ಲಾರಿ ಚಾಲಕರು ಓದುತ್ತಿದ್ದರು. ಹೆಚ್ಚು ಓಟು ಬಿದ್ದವನೂ ಅಲ್ಲಿ ಸೋಲುವುದು ಹೇಗೆ ಎಂದು ರಾಣೆಬೆನ್ನೂರಿನ ಒಬ್ಬ ವಕೀಲರು ತಲೆ ಕೆರೆದುಕೊಂಡಾಗ ನಾನೇ ಬಿಡಿಸಿ ಹೇಳಿದ್ದೆ: "ನಮ್ಮ ಟೆಂಡರ್ ಇದ್ದಂಗರಿ. ಒಂದು ಲಾಟಿಗೆ, ಅಂದ್ರ ಒಂದು ರಾಶಿ ಕಾಯಿಗೆ, ಒಂದು ರೂಪಾಯಿ ಹೆಚ್ಚಿಗಿ ಹಾಕಿದಾವಗ ಇಡೀ ಲಾಟು. ಅಲ್ಲಿ ರಾಜ್ಯ ಅಂದ್ರ ಲಾಟು." ಚೀಲ ಹೊರುವ ಪ್ರತಿಯೊಬ್ಬನಿಗೂ ಅದು ಒಂದೇ ಏಟಿಗೆ ತಿಳಿಯಿತು. ವಕೀಲರಿಗೆ ಎರಡು ಚಹ ಬೇಕಾದವು.

ಕೆಟ್ಟದ್ದು ಒಂದು ಸೋಮವಾರ. ಕತ್ತೆ ಪಕ್ಷದವರು ಅದು ಪುಕ್ಕಟೆ, ಇದು ಪುಕ್ಕಟೆ ಎಂದು ಭಾಷಣ ಮಾಡಿದ್ದನ್ನು ನೋಡಿ ನಾನು ಬರೆದೆ: "ಪುಕ್ಕಟೆ ಕೊಡುವ ಸರ್ಕಾರ ಮಂದಿಯ ಕೈಕಾಲು ಮುರಿಯುತ್ತದೆ. ಅಮೆರಿಕಕ್ಕೂ ಅಷ್ಟೇ, ನಮಗೂ ಅಷ್ಟೇ."

ಕೊನೆಯ ಎರಡು ಪದ ಬರೆಯದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ನಮ್ಮೂರು ಅಗಡಿಯಿಂದ ಇಪ್ಪತ್ನಾಲ್ಕು ಹೆಂಗಸರು ಬರುತ್ತಾರೆ. ಅಗಡಿಯಿಂದ ಹಾವೇರಿಗೆ, ಹಾವೇರಿಯಿಂದ ಬ್ಯಾಡಗಿಗೆ, ಎರಡೂ ಬಸ್ಸಿನಲ್ಲಿ ಶೂನ್ಯ ಟಿಕೆಟ್ಟು. ಅದೇ ಬಸ್ಸಿನಲ್ಲಿ ನಾನು ರೊಕ್ಕ ಕೊಟ್ಟು ನಿಂತು ಬರುತ್ತೇನೆ. ಆ ಇಪ್ಪತ್ನಾಲ್ಕರಲ್ಲಿ ಒಬ್ಬಳಾದ ನನ್ನ ಅವ್ವ ಮಂಗಳವ್ವ ಪುಕ್ಕಟೆ ಕಿಟಕಿಯ ಬದಿ ಕುಳಿತು ಬರುತ್ತಾಳೆ. ಆ ಸೋಮವಾರ ಹೆಂಗಸರ ಮುಖಂಡಿ ನೀಲಗಂಗವ್ವ ಹಲಗೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾರ ಕೈಕಾಲು ಮುರಿದಾವೋ ಹುಲಿಗ್ಯಾ? ದಿನಾ ಚೀಲಗಟ್ಟಲೆ ಕಾಯಿ ಬಿಡಸ್ತೇವಿ. ನೋಡಿಲ್ಲಿ ಬೆರಳು!"

"ನಾ ಅಮೆರಿಕಾದ ಸುದ್ದಿ ಬರದೇನಿ ಯಕ್ಕಾ."

"ನಮಗೂ ಅಷ್ಟ ಅಂತ ಬರದೀಯಲ್ಲ, ಅದ್ಯಾವ ಅಮೆರಿಕಾದಾಗ ಬರ್ತೈತಿ? ಆ ಸಾಲು ಅಳಸು."

"ಖರೇ ಬರದೇನಿ. ಅಳಸಂಗಿಲ್ಲ."

"ಹಂಗಾರ ಈ ಅಂಗಡಿ ಚಾ ನಮಗ ಬ್ಯಾಡ."

ಇಪ್ಪತ್ನಾಲ್ಕು ಹೆಂಗಸರೂ ಎದುರಿನ ಅಂಗಡಿಗೆ ಹೋದರು. ಮುಂದೆ ನನ್ನ ಅವ್ವ! ಫಕ್ರುದ್ದೀನ ಚಾಚಾ ಕಿಟಲಿಯನ್ನು ಕುಕ್ಕಿ ಇಟ್ಟ.

"ಬೇಟಾ, ನಿನ್ನ ಆನಿ ನನ್ನ ಚಾ ತುಳದು ಹೋತು. ಹಲಗಿ ಮ್ಯಾಲ ನಾ ಗಿರ್ಮಿಟ್, ಮಿರ್ಚಿ ರೇಟು ಬರಸ್ತೇನಿ."

"ಚಾಚಾ, ಹಂಗ ಒಬ್ಬರ ಮಾತಿಗೆ ತಗೀಬ್ಯಾಡ್ರಿ. ಮಂದಿನ್ನ ಕೇಳ್ರಿ. ಓಟು ಹಾಕಸ್ರಿ."

ನಾನೇ ಅಂದದ್ದು. ಚೀಲ ಹೊರುವ ಗಂಡಸರು ದಿನಾ ನನ್ನ ಮುಂದೆ ಹೂಂಗುಟ್ಟುತ್ತಿದ್ದರಲ್ಲ, ಆ ಧೈರ್ಯ.

ಗುರುವಾರ ಟೆಂಡರ್ ಹಾಕುವ ಸಮಯ ಮುಗಿದು ಫಲಿತಾಂಶ ಬರುವ ತನಕ ಎಲ್ಲರ ಕೈಯೂ ಖಾಲಿ. ಆಗಲೇ ಚುನಾವಣೆ ಎಂದು ಠರಾವಾಯಿತು. ನಮ್ಮ ಮಂದಿಗೆ ಚೀಟಿಗಿಂತ ಕಾಯಿ ಹತ್ತಿರ. ಹಲಗೆ ನನಗೇ ಇರಲಿ ಅನ್ನುವವರು ಒಂದು ಕಡ್ಡಿ ಕಾಯಿ ಹಾಕಬೇಕು, ಅಂದರೆ ಉದ್ದನೆಯ ಸುಕ್ಕಿನ ಕಾಯಿ. ಬೇಡ ಅನ್ನುವವರು ಒಂದು ಡಬ್ಬಿ ಕಾಯಿ, ಅಂದರೆ ಗಿಡ್ಡ ದಪ್ಪನೆಯದು. ಗೋಣಿತಾಟಿನ ಮರೆಯಲ್ಲಿ ಎರಡರ ಗುಡ್ಡೆಯೂ ಇರುತ್ತದೆ. ಒಂದನ್ನು ಆರಿಸಿ ಎಣ್ಣೆಯ ಡಬ್ಬದೊಳಗೆ ಹಾಕಿ ಹೊರಗೆ ಬರುವುದು.

ನಿಯಮ ನಾನು ಬರೆದೆ. ಅಮೆರಿಕದಲ್ಲಿ ಟಪಾಲಿನಲ್ಲಿ ಬಂದ ಓಟಿಗೆ ಸಹಿ ಇರಲಿಲ್ಲ, ತಾರೀಖು ಇರಲಿಲ್ಲ ಎಂದು ನಡೆಯುವ ಜಗಳಗಳನ್ನು ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು. ಇಲ್ಲಿ ಆ ತಕರಾರು ಬೇಡ. ಒಣ ಕಾಯಿಯನ್ನು ಮುರಿದು ಒಂದನ್ನು ಎರಡು ಮಾಡಿದರೆ ಏನು ಗತಿ? ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: "ತೊಟ್ಟು ಸಮೇತ ಇಡೀ ಕಾಯಿ ಮಾತ್ರ ಓಟು. ತೊಟ್ಟಿಲ್ಲದ್ದು ಎಣಿಕೆಗಿಲ್ಲ." ಅದರ ಕೆಳಗೆ ಅಮೆರಿಕದವರಿಗೂ ಕೇಳಿಸಲಿ ಎಂದು: "ಎಣಿಕೆ ಶುರುವಾದ ಮೇಲೆ ನಿಯಮ ಬದಲಿಸುವವನು ಗೆದ್ದರೂ ಕಳ್ಳ."

ನೀಲಗಂಗವ್ವ ಅದನ್ನು ಎರಡು ಸಲ ಓದಿ, "ಆತಪಾ ಕಲೆಕ್ಟರ್ರ" ಅಂದಳು.

ನಲವತ್ತೊಂಬತ್ತು ಮಂದಿ ಓಟು ಹಾಕಿದರು. ಹೆಂಗಸರು ಮರೆಗೆ ಹೋಗಿ ಬರುವಾಗೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಇಪ್ಪತ್ನಾಲ್ಕು ಹೋಯಿತು ಎಂದು ಮೊದಲೇ ಕಳೆದುಬಿಟ್ಟೆ. ಗಂಡಸರು ಇಪ್ಪತ್ತೈದು. ಅಷ್ಟೂ ನನ್ನವೇ ಆದರೆ ಒಂದರಿಂದ ಗೆಲುವು.

ಚಾಚಾ ಡಬ್ಬವನ್ನು ಬುಟ್ಟಿಗೆ ಸುರಿದು ಬೇರೆ ಮಾಡಿದ. ಕಡ್ಡಿಯ ಗುಡ್ಡೆ ಎತ್ತರ. ಎಣಿಸಿದ: ಕಡ್ಡಿ ಮೂವತ್ತೊಂದು, ಡಬ್ಬಿ ಹದಿನೆಂಟು.

ನಾನು ಎಗರಿದೆ. ನಿಜಕ್ಕೂ ಎಗರಿದೆ, ಅಂಗಡಿಯ ಮಾಡಿನ ತಗಡಿಗೆ ತಲೆ ತಾಗಿತು. ಕೆಳಗೆ ಇಳಿದು ಬುಟ್ಟಿ ನೋಡಿದೆ. ಕಡ್ಡಿ ಕಾಯಿಗಳು ಬೋಳು ಬೋಳು. ಒಂದೊಂದನ್ನೇ ಎತ್ತಿದೆ. ಇಪ್ಪತ್ಮೂರಕ್ಕೆ ತೊಟ್ಟೇ ಇಲ್ಲ. ಡಬ್ಬಿಯಲ್ಲೂ ಒಂದು ಬೋಳು.

ಮೊದಲು ತಿಳಿಯಲಿಲ್ಲ. ಆಮೇಲೆ ನೀಲಗಂಗವ್ವನ ಕೈ ನೋಡಿದೆ. ಮಾತಾಡುತ್ತ ನಿಂತವಳು ನೆಲದಿಂದ ಒಂದು ಕಾಯಿ ಎತ್ತಿಕೊಂಡಿದ್ದಳು. ಹೆಬ್ಬೆರಳು ತಾನೇ ಸರಿದು ಟಿಕ್ ಎಂದು ತೊಟ್ಟನ್ನು ಹಾರಿಸಿತು. ಅವಳಿಗೆ ಗೊತ್ತೇ ಇಲ್ಲ! ಇಪ್ಪತ್ತು ವರ್ಷ ತೊಟ್ಟು ಮುರಿದ ಕೈ ಅದು. ಕಾಯಿ ಬಂದರೆ ತೊಟ್ಟು ಹೋಗಲೇಬೇಕು.

"ಯಕ್ಕಾ, ನೀವೆಲ್ಲ ನನಗ ಹಾಕೀರಿ?"

"ಮತ್ತ? ದಿನಾ ಮುಂಜಾನೆ ನಿನ್ನ ಹಲಗಿ ಓದಿ ಬೈಯ್ಯಾಕತ್ತಿದ್ರ ಎರಡು ಚೀಲ ಹೆಂಗ ಮುಗೀತಾವ ಅನ್ನೂದ ತಿಳಿಯಂಗಿಲ್ಲ. ಹಲಗಿ ತಗೀ ಅಂತ ನಾ ಯಾವಾಗ ಅಂದೆ? ಆ ಒಂದು ಸಾಲು ಅಳಸು ಅಂದೆ."

"ಹಂಗಾರ ನಮ್ಮ ಗಂಡಸರು?"

ನಮ್ಮ ಗುಂಪಿನ ಮುಖ್ಯಸ್ಥ ವೀರೇಂದ್ರ ಬೀಡಿಯನ್ನು ಆರಿಸಿದ. "ಬರಿಯೂದು ಚೊಲೊ ಬರಿತೀಪಾ. ಆದ್ರ ಆಮ್ಯಾಲ ತಿಳಿಸಿ ಹೇಳ್ತೀಯಲ್ಲ, ಅದು. ಹೂಂ ಅನ್ನಲಿಲ್ಲಂದ್ರ ಮತ್ತ ಮೊದಲಿಂದ ಹೇಳ್ತಿ. ಅದಕ್ಕ ಹೂಂ ಅಂತಿದ್ವಿ."

ತೊಟ್ಟಿದ್ದ ಕಡ್ಡಿ ಎಂಟು. ಅದರಲ್ಲಿ ಒಂದು ನನ್ನದೇ. ತೊಟ್ಟಿದ್ದ ಡಬ್ಬಿ ಹದಿನೇಳು.

"ಬೋಳ ಇದ್ರೇನಾತು, ಎಣಸು ಬಿಡು," ಅಂದ ಚಾಚಾ. "ಹೆಣ್ಮಕ್ಕಳ ಕೈ ಸ್ವಭಾವ ಅದು."

"ಎಣಸೋ, ನಾವ್ಯಾರೂ ತಕರಾರು ಮಾಡಂಗಿಲ್ಲ," ಅಂದ ವೀರೇಂದ್ರ.

ಎಲ್ಲರೂ ನನ್ನ ಮುಖ ನೋಡಿದರು. ನಾನು ಹಲಗೆ ನೋಡಿದೆ. ಅಲ್ಲಿ ನನ್ನದೇ ಅಕ್ಷರ, ಗುಂಡಗೆ, ದಪ್ಪಗೆ. ಒಂದೇ ಒಂದು ಇರುವೆಯೂ ಹೊರಳಾಡಿರಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಚೆಂದ ಬರೆದದ್ದು ಅದೊಂದೇ, ಅದೂ ನನ್ನ ಕುತ್ತಿಗೆಗೇ! ಆರು ತಿಂಗಳು ಇಡೀ ಅಮೆರಿಕಕ್ಕೆ ನಿಯಮ ಅಂದರೆ ನಿಯಮ ಎಂದು ಬೋಧಿಸಿದವನು, ಬ್ಯಾಡಗಿಯಲ್ಲಿ ಒಂದು ಬುಟ್ಟಿ ಕಾಯಿಗೆ ಮಾತು ತಿರುಗಿಸಲೇ? ಸಿಟ್ಟಿನಲ್ಲಿ ಕಣ್ಣು ತುಂಬಿ ಬಂತು. ಮೆಣಸಿನಕಾಯಿಯ ಘಾಟು ಎಂದುಕೊಂಡರು, ಪುಣ್ಯ.

"ಎಂಟು, ಹದಿನೇಳು," ಅಂದೆ. "ಸೋತೇನಿ." ಚಾಚಾನ ಒದ್ದೆ ಬಟ್ಟೆ ತೆಗೆದುಕೊಂಡು ನಾನೇ ಅಳಿಸಿದೆ. ಬೋಳು ಡಬ್ಬಿಯನ್ನು ಮಾತ್ರ ಎತ್ತಿ ಹಿಡಿದು ಕೇಳಿದೆ, "ಇದು ಯಾರದು?"

"ನಂದು," ಅಂದಳು ಅವ್ವ. "ಐದಕ್ಕ ಎದ್ದು ಮೊಬೈಲ್ ಹಿಡಿತೀ. ಹಾಲು ತರಾವರು ಯಾರು?"

ಮರುದಿನ ಚಾಚಾ ಸುಣ್ಣದ ಕಡ್ಡಿಯನ್ನು ನನ್ನ ಕೈಗೇ ಕೊಟ್ಟ. "ಅಕ್ಷರ ನಿನ್ನಾವ ಚೊಲೊ ಅದಾವ. ರೇಟು ನೀನ ಬರಿ." ಹಲ್ಲು ಕಚ್ಚಿ ಬರೆದೆ: ಚಹ, ಗಿರ್ಮಿಟ್, ಮಿರ್ಚಿ. ಬೆಲೆಗಳ ಕೆಳಗೆ ಒಂದು ಗೆರೆ ಎಳೆದು ಸುಣ್ಣದ ಕಡ್ಡಿಯನ್ನು ವಾಪಸು ಕೊಟ್ಟೆ. ಹೆಂಗಸರು ಚಾಚಾನ ಚಹ ಕುಡಿದು ಕಾಯಿಯ ರಾಶಿಯ ಸುತ್ತ ಕುಳಿತರು. ನಾನು ತಲೆ ತಗ್ಗಿಸಿ ಚೀಲ ಹೊತ್ತು ಹೊರಟಿದ್ದೆ.

"ಏ ಹುಲಿಗ್ಯಾ," ನೀಲಗಂಗವ್ವ ಕೂಗಿದಳು. "ಆನಿ ಏನಂತೋ ಇವತ್ತ?"

"ಹಲಗಿ ಎಲ್ಲೈತಿ ಯಕ್ಕಾ?"

"ಬಾಯೈತಿಲ್ಲೊ? ಒದರು. ನಾವು ಬೈಯ್ಯಾಕ ತಯಾರದೇವಿ."

ಚೀಲ ಇಳಿಸಿದೆ. ಅದರ ಮೇಲೆ ಹತ್ತಿ ನಿಂತೆ. ರಾತ್ರಿ ಕತ್ತೆ ಪಕ್ಷದವರು ಮತ್ತೊಂದು ಪುಕ್ಕಟೆ ಘೋಷಿಸಿದ್ದರು, ಹೊಟ್ಟೆಯಲ್ಲಿ ಬೆಂಕಿ ತಯಾರಿತ್ತು.

"ಪುಕ್ಕಟೆ ಕೊಡೂ ಸರ್ಕಾರ—" ಎಂದು ಶುರು ಮಾಡಿದೆ. ಇಪ್ಪತ್ಮೂರು ಬಾಯಿ ಒಟ್ಟಿಗೇ ನನ್ನ ಮೇಲೆ ಬಿದ್ದವು. ಟಿಕ್ ಟಿಕ್ ಎಂದು ತೊಟ್ಟುಗಳು ಹಾರಿದವು.

ಇಪ್ಪತ್ನಾಲ್ಕನೆಯ ಬಾಯಿ ಎಲ್ಲ ಮುಗಿದ ಮೇಲೆ ತೆರೆಯಿತು: "ಮೊದಲ ಹಾಲು ತಂದಾನೇನು ಕೇಳ್ರಿ ಅವನ್ನ!"